ಸರ್ವೆ ನಂಬರ್ ತಾರೀಖಾದರೆ ಯಾರನ್ನು ಕೇಳೋಣ?

ಮಾನ್ಯ ಸಂಪಾದಕರೆ,

ನಾನು ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಬರೆದುಕೊಡುವವನು. ಸಂಘಗಳಿಂದ ಸದಸ್ಯರ ಪಟ್ಟಿ ಸಿಎಸ್‌ವಿ ಎಂಬ ಸಾದಾ ಅಕ್ಷರಗಳ ಫೈಲಿನಲ್ಲಿ ಬರುತ್ತದೆ. ಅದನ್ನು ಸಾಫ್ಟ್‌ವೇರ್ ಓದುವ ಜೇಸನ್ ಎಂಬ ರೂಪಕ್ಕೆ ಬದಲಿಸಿ ಒಳಗೆ ಹಾಕಿಕೊಳ್ಳುವುದು ಕಷ್ಟವೇನಲ್ಲ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹತ್ತು ಸಾಲು ಬರೆದರೆ ಆಯಿತು. ಎಡವಟ್ಟು ಅದಕ್ಕೂ ಮೊದಲೇ ಆಗಿರುತ್ತದೆ. ಯಾರೋ ಒಬ್ಬರು ಸುಮ್ನೆ ನೋಡಲೆಂದು ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು, ಸೇವ್ ಒತ್ತಿ ಕಳಿಸಿರುತ್ತಾರೆ.

ಸಿಎಸ್‌ವಿಯಲ್ಲಿ ಇರುವುದು ಬರೀ ಅಕ್ಷರ, ಅಂಕಿ, ನಡುವೆ ಕಾಮಾ. ಯಾವ ಕಾಲಂ ಏನು ಎಂದು ಅದು ಹೇಳುವುದಿಲ್ಲ. ಎಕ್ಸೆಲ್ ತಾನೇ ಊಹಿಸುತ್ತದೆ. ಸರ್ವೆ ನಂಬರ್ 10/2 ಇದ್ದದ್ದು 10-ಫೆಬ್ ಆಗುತ್ತದೆ. ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ಅಕ್ಟೋಬರ್ 2! ಪಕ್ಕದ ಜಮೀನಿನ 145/2 ಮಾತ್ರ ಹಾಗೇ ಉಳಿಯುತ್ತದೆ, ಅದಕ್ಕೇ ಯಾರಿಗೂ ಬೇಗ ಗೊತ್ತಾಗುವುದಿಲ್ಲ. 12 ಅಂಕಿಯ ಆಧಾರ್ 1.23457ಇ+11 ಎಂದು ಕಾಣುತ್ತದೆ. ಸೇವ್ ಮಾಡಿದರೆ ಕಂಡಷ್ಟೇ ಫೈಲಿಗೆ ಹೋಗುತ್ತದೆ, ಉಳಿದ ಅಂಕಿ ಮಾಯ. ಖಾತೆ ನಂಬರಿನ ಮೊದಲಿಗಿರುವ ಸೊನ್ನೆ ಉದುರುತ್ತದೆ. ನಂಬರ್ 15 ಅಂಕಿ ದಾಟಿದರೆ ಆಮೇಲಿನದೆಲ್ಲ ಸೊನ್ನೆ. ಒಂದು ಸಂಘದ ಪಟ್ಟಿಯಲ್ಲಿ ಎಲ್ಲ ಖಾತೆಗಳೂ ಸೊನ್ನೆಯಲ್ಲೇ ಮುಗಿದಿದ್ದವು. ಕೇಳಿದರೆ, ‘ಎಲ್ಲಾ ಒಂದೇ ಬ್ರಾಂಚ್ ಅಲ್ವಾ ಸಾರ್, ಹಾಗೇ ಇರುತ್ತೆ’ ಎಂದರು ಕಾರ್ಯದರ್ಶಿಗಳು.

ವಿಜ್ಞಾನಿಗಳಿಗೂ ಈ ಕಾಟ ತಪ್ಪಿರಲಿಲ್ಲ. ‘ಮಾರ್ಚ್1’ ಎಂಬ ಜೀನ್ ಎಕ್ಸೆಲ್‌ನಲ್ಲಿ ತಾರೀಖಾಗುತ್ತಿತ್ತು. ಕೊನೆಗೆ ಅದರ ಹೆಸರನ್ನೇ ‘ಮಾರ್ಚ್‌ಎಫ್1’ ಎಂದು ಬದಲಿಸಿದರು. ಇಂಥ ಹೆಸರುಗಳಿಗೆ ಹೊಸ ನಿಯಮ ಬಂದದ್ದು 2020ರಲ್ಲಿ. ಪಹಣಿಯ ನಂಬರನ್ನು ಹಾಗೆ ಬದಲಿಸಲು ಆಗುತ್ತದೆಯೇ? 2023ರಲ್ಲಿ ಮೈಕ್ರೋಸಾಫ್ಟ್ ಈ ಊಹೆಯನ್ನು ನಿಲ್ಲಿಸುವ ಆಯ್ಕೆ ಕೊಟ್ಟಿತು. ಆದರೆ ಹಳೇ ಎಕ್ಸೆಲ್ ಇಟ್ಟುಕೊಂಡ ಕಚೇರಿಗಳಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಪಟ್ಟಿ ಕೇಳುವ ಇಲಾಖೆ ಮತ್ತು ಬ್ಯಾಂಕುಗಳಲ್ಲಿ ನನ್ನದೊಂದು ವಿನಂತಿ. ಖಾಲಿ ನಮೂನೆಯನ್ನು ಎಕ್ಸೆಲ್ ಫೈಲಾಗಿಯೇ ಕೊಡಿ. ಸರ್ವೆ, ಆಧಾರ್, ಖಾತೆ ನಂಬರಿನ ಕಾಲಂಗಳನ್ನು ಮೊದಲೇ ‘ಟೆಕ್ಸ್ಟ್’ ಎಂದು ಹೊಂದಿಸಿಡಿ. ಈ ನಂಬರುಗಳನ್ನು ಯಾರೂ ಕೂಡಿ ಕಳೆಯುವುದಿಲ್ಲವಲ್ಲ. ಸರ್ವೆ ನಂಬರ್ ಜಾಗದಲ್ಲಿ ತಿಂಗಳ ಹೆಸರು ಕಂಡರೆ ಪೋರ್ಟಲ್ ಅಲ್ಲೇ ಫೈಲನ್ನು ವಾಪಸ್ ಕಳಿಸಲಿ.

ಕಾರ್ಯದರ್ಶಿಗಳೇ, ಸಿಎಸ್‌ವಿ ಬರೀ ನೋಡಬೇಕಿದ್ದರೆ ನೋಟ್‌ಪ್ಯಾಡ್ ಸಾಕು. ಎಕ್ಸೆಲ್‌ನಿಂದಲೇ ಸಿಎಸ್‌ವಿ ಮಾಡಬೇಕಾದರೆ ಕನ್ನಡ ಅಕ್ಷರಗಳನ್ನೂ ಉಳಿಸುವ ‘ಯುಟಿಎಫ್-8’ ಎಂದಿರುವುದನ್ನೇ ಆರಿಸಿ. ಇಲ್ಲದಿದ್ದರೆ ಸದಸ್ಯರ ಕನ್ನಡದ ಹೆಸರೆಲ್ಲ ಬರೀ ಪ್ರಶ್ನೆ ಚಿಹ್ನೆಗಳಾಗಿ ನನ್ನ ಕೈಸೇರುತ್ತವೆ.

– ಒಬ್ಬ ಓದುಗ, ಸಾಗರ