ಖಾಲಿ ಕ್ಯಾನಿಗೂ ಬೆಲೆ ಕಟ್ಟಿ

ಮಾನ್ಯ ಸಂಪಾದಕರೇ,

ಘಾಟಿ ರಸ್ತೆಗಳಲ್ಲಿ ಬಿದ್ದಿರುವ ಬಾಟಲಿಗಳ ಬಗ್ಗೆ ಓದುಗರು ಆಗಾಗ ಬರೆಯುತ್ತಿರುತ್ತಾರೆ. ಸಿಟ್ಟು ನನಗೂ ಇದೆ. ಆದರೆ ಆ ಬಾಟಲಿಗಳಿಂದ ಬಡವರಿಗೆ ಮನೆ ಕಟ್ಟಲು ದುಡ್ಡು ಹುಟ್ಟುವುದನ್ನು ಈಚೆಗೆ ಕಣ್ಣಾರೆ ನೋಡಿ ಬಂದೆ. ಅದಕ್ಕೇ ಈ ಪತ್ರ.

ಅಮೆರಿಕದ ಮಿಷಿಗನ್‌ನಲ್ಲಿ ಮಗನ ಮನೆಯಲ್ಲಿ ಐದು ತಿಂಗಳು ಇದ್ದೆ. ಅಲ್ಲಿ ಸೋಡಾ, ಬಿಯರ್ ಕೊಂಡರೆ ಒಂದೊಂದು ಕ್ಯಾನಿಗೂ 10 ಸೆಂಟ್ ಡೆಪಾಸಿಟ್ ಕಟ್ಟಬೇಕು. ಖಾಲಿ ಕ್ಯಾನ್ ಅಂಗಡಿಗೆ ತಂದು ಕೊಟ್ಟರೆ ದುಡ್ಡು ವಾಪಸ್. 1976ರಲ್ಲಿ ಜನರೇ ಮತ ಹಾಕಿ ತಂದುಕೊಂಡ ಕಾನೂನು ಇದು. ನಾವೂ ಹಿಂದೆ ಗಾಜಿನ ಬಾಟಲಿಯ ತಂಪು ಪಾನೀಯ ಮನೆಗೆ ಒಯ್ಯಬೇಕಾದರೆ ಅಂಗಡಿಯಲ್ಲಿ ಡೆಪಾಸಿಟ್ ಇಟ್ಟು ಬರುತ್ತಿದ್ದೆವಲ್ಲ, ಹಾಗೇ.

ಪಕ್ಕದ ಮನೆಯಲ್ಲಿ ಕಾರು ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಅವರ ಗ್ಯಾರೇಜಿನಲ್ಲಿ ಕಾರಿಗೇ ಜಾಗವಿರಲಿಲ್ಲ, ಅಷ್ಟು ಕ್ಯಾನ್ ಚೀಲಗಳು. ಬೀದಿಯವರೆಲ್ಲ ತಂದಿಟ್ಟು ಹೋಗುತ್ತಿದ್ದರು. ಅವರ ಚರ್ಚಿನ ಗೆಳೆಯರು ಅದನ್ನೆಲ್ಲ ಅಂಗಡಿಗೆ ಹಾಕಿ, ಬಂದ ಹಣವನ್ನು ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿಗೆ ಕೊಡುತ್ತಿದ್ದರು. ಕಡಿಮೆ ಆದಾಯದವರಿಗೆ ಮನೆ ಕಟ್ಟಿಸುವ ಸಂಸ್ಥೆ ಅದು. ಭಾರತದಲ್ಲೂ 1983ರಿಂದ ಕೆಲಸ ಮಾಡುತ್ತಿದೆ. ಶುರುವಾದದ್ದು ಈಗಿನ ತೆಲಂಗಾಣದ ಖಮ್ಮಂನಲ್ಲಿ.

ನಾನೂ ಕೈ ಜೋಡಿಸೋಣ ಅಂತ ಮನೆಯ ಕ್ಯಾನುಗಳನ್ನು ಕೂಡಿಟ್ಟೆ. ಜಾಗ ಉಳಿಯಲಿ ಅಂತ ಒಂದೊಂದನ್ನೂ ಕಾಲಲ್ಲಿ ಜಜ್ಜಿ ಇಟ್ಟಿದ್ದೆ. ಅಂಗಡಿಯ ಮೂಲೆಯಲ್ಲಿ ಯಂತ್ರಗಳಿವೆ. ಹುಳಿ ಬಿಯರಿನ ವಾಸನೆ, ಚಪ್ಪಲಿಗೆ ಅಂಟುವ ನೆಲ. ಯಂತ್ರದ ಬಾಯಿಗೆ ಕ್ಯಾನ್ ಇಟ್ಟರೆ ಅದು ತಿರುಗಿಸಿ ತಿರುಗಿಸಿ ಮೈಮೇಲಿನ ಬಾರ್‌ಕೋಡ್ ಗೆರೆ ಓದುತ್ತದೆ. ಆಮೇಲೆ ಒಳಗೆ ಕರಕ್ ಅಂತ ಸದ್ದು. ನಾನು ಇಟ್ಟದ್ದನ್ನೆಲ್ಲ ಅದು ಹೊರಗೆ ತಳ್ಳಿತು. ಜಜ್ಜಿದರೆ ಗೆರೆ ಓದಲು ಆಗುವುದಿಲ್ಲವಂತೆ. ಅರವತ್ತು ಕ್ಯಾನ್, ಆರು ಡಾಲರ್. ಒಂದು ಮನೆಗೆ ಸೇರಬೇಕಿದ್ದ ದುಡ್ಡು ಹೋಯಿತಲ್ಲ ಅಂತ ಹೊಟ್ಟೆ ಉರಿಯಿತು. ಆ ಹಿರಿಯರು ಬೈಯಲಿಲ್ಲ. "ತೂಕಕ್ಕೆ ಹಾಕೋಣ ಬಿಡಿ" ಎಂದರು. ತೂಕಕ್ಕೆ ಎಷ್ಟು ಬಂದೀತು? ಒಂದು ಕ್ಯಾನ್ 15 ಗ್ರಾಂ ಕೂಡ ಇರುವುದಿಲ್ಲ. ಒಂದು ಕೆಜಿ ಆಗಬೇಕಾದರೆ ಸುಮಾರು 70 ಕ್ಯಾನ್ ಬೇಕು. ಡೆಪಾಸಿಟ್ ಇದ್ದರೆ ಮಾತ್ರ ಸಾವಿರ ಕ್ಯಾನಿಗೆ ನೂರು ಡಾಲರ್.

ಒಂದು ಶನಿವಾರ ಮನೆ ಕಟ್ಟುವ ಜಾಗಕ್ಕೂ ಕರೆದುಕೊಂಡು ಹೋದರು. ಅಲ್ಲಿ ಗೋಡೆಗೆ ಬಣ್ಣ ಬಳಿಯುತ್ತಿದ್ದ ಹೆಂಗಸೇ ಆ ಮನೆಯ ಯಜಮಾನಿ ಆಗುವವರು. ಮನೆ ಪುಕ್ಕಟೆ ಅಲ್ಲ. ಅವರೂ ಇಷ್ಟು ಗಂಟೆ ಅಂತ ದುಡಿಯಬೇಕು, ಆಮೇಲೆ ಕೈಗೆಟುಕುವ ಕಂತಿನಲ್ಲಿ ಸಾಲ ತೀರಿಸಬೇಕು. ಅಡುಗೆಮನೆಯ ಕಿಟಕಿ ತೋರಿಸಿ, "ಇಲ್ಲಿ ನಿಂತರೆ ಮಕ್ಕಳು ಆಡೋದು ಕಾಣುತ್ತೆ" ಎಂದರು. ಕೈತುಂಬ ಹಳದಿ ಬಣ್ಣ. ಆ ಕಿಟಕಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಲ್ಲಿನ ಕಾನೂನಿನಲ್ಲೂ ಕೊರತೆ ಇದೆ. ನೀರಿನ ಬಾಟಲಿಗೆ ಡೆಪಾಸಿಟ್ ಇಲ್ಲ, ಹಾಗಾಗಿ ಅದನ್ನು ಎತ್ತಿಡುವವರೂ ಕಡಿಮೆ. ನಾವು ಮಾಡುವುದಾದರೆ ನೀರಿನ ಬಾಟಲಿಯನ್ನೂ ಸೇರಿಸಬೇಕು.

ದೂರದ ಮಾತು ಯಾಕೆ, ಪಕ್ಕದ ನೀಲಗಿರಿಯನ್ನೇ ನೋಡಿ. ಒಡೆದ ಗಾಜು ಕಾಡುಪ್ರಾಣಿಗಳ ಕಾಲಿಗೆ ಚುಚ್ಚುತ್ತಿದೆ ಅಂತ ಮದ್ರಾಸ್ ಹೈಕೋರ್ಟ್ ಮಧ್ಯೆ ಬಂದ ಮೇಲೆ, 2022ರಿಂದ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಜಾಸ್ತಿ ತೆಗೆದುಕೊಂಡು, ಖಾಲಿ ಬಾಟಲಿ ತಂದರೆ ವಾಪಸ್ ಕೊಡುತ್ತಾರೆ. ನಮ್ಮಲ್ಲೂ ಇದು ಬರಲಿ. ಜೊತೆಗೆ, ವಾಪಸ್ ಪಡೆಯುವ ಕೌಂಟರಿನಲ್ಲೇ ಒಂದು ಡಬ್ಬಿ ಇರಲಿ. ಇಷ್ಟವಿದ್ದವರು ಆ ಹತ್ತು ರೂಪಾಯಿಯನ್ನು ಮನೆ ಇಲ್ಲದವರ ಮನೆಗೆ ಹಾಕಲಿ. ಒಂದೇ ಒಂದು ಎಚ್ಚರಿಕೆ: ಚಿಂದಿ ಆಯುವವರ, ಗುಜರಿಯವರ ಹೊಟ್ಟೆಯ ಮೇಲೆ ಹೊಡೆಯಬಾರದು. ಅವರು ತಂದ ಬಾಟಲಿಗೂ ಪೂರ್ತಿ ಹತ್ತು ರೂಪಾಯಿ ಅವರ ಕೈಗೇ ಸಿಗಬೇಕು. ಮೊದಲು ಮನೆ ಬೇಕಾಗಿರುವುದು ಅವರಿಗೇ ಅಲ್ವಾ?

ಅಬಕಾರಿ ಇಲಾಖೆಯವರು ಇದನ್ನು ಓದಿದರೆ ಸಕಲೇಶಪುರದಿಂದಲೇ ಶುರು ಮಾಡಲಿ. ಮೊದಲ ದಿನ ಚೀಲ ಹಿಡಿದು ನಾನೂ ಸಾಲಿನಲ್ಲಿ ನಿಲ್ಲುತ್ತೇನೆ.

– ನಿವೃತ್ತ ಮುಖ್ಯ ಶಿಕ್ಷಕಿ, ಹಾಸನ