ಗೆಳೆಯನಿಗೊಂದು ಪತ್ರ: ನಿನ್ನ ಆಟಕ್ಕೊಬ್ಬ ಹವಾಯಿ ನೌಕಾಧಿಕಾರಿ

ಪ್ರಿಯ ಪ್ರಶಾಂತ,

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ, ವಿಕ್ಟೋರಿಯಾ ಕಾಲದ ನಿನ್ನ ರೋಲ್‌ಪ್ಲೇ ಆಟಕ್ಕೆ ಹವಾಯಿ ರಾಜ್ಯದ ನೌಕಾಧಿಕಾರಿಯ ಪಾತ್ರ ಬೇಕು, ಇತಿಹಾಸ ಬೇರೆ ದಾರಿ ಹಿಡಿದಿರಬೇಕು, ಅನಿಲದ ಚೀಲದಿಂದ ತೇಲುವ ಹಾರುಹಡಗುಗಳೂ ಇರಬೇಕು ಅಂತ ಕೇಳಿದ್ದೀಯ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಅವನಿಗೆ ದೊಡ್ಡ ನೌಕಾಪಡೆ ಕೊಡಬೇಡ. ಹತ್ತು ಉಕ್ಕಿನ ಹಡಗು, ಐದು ಹಾರುಹಡಗು ಕೊಟ್ಟೆಯೋ, ಅವನು ಸಮವಸ್ತ್ರ ಬದಲಿಸಿದ ಬ್ರಿಟಿಷ್ ಕ್ಯಾಪ್ಟನ್ ಆಗಿಬಿಡುತ್ತಾನೆ. ಅವನ ಬಳಿ ಇರುವುದು ಒಂದೇ ಒಂದು ಹಳೆಯ ಹಡಗು ಮತ್ತು ದೊಡ್ಡ ದೇಶಗಳು ಒಪ್ಪಿಕೊಂಡ ಒಂದು ಧ್ವಜ. ಊರಿನ ಸುದ್ದಿ ಅವನಿಗೆ ವಾರಗಟ್ಟಲೆ ತಡವಾಗಿ ಮುಟ್ಟುತ್ತದೆ. ಪಾತ್ರದ ರಸವೆಲ್ಲ ಇಲ್ಲೇ ಇದೆ.

ನಿಜದ ಹಡಗಿನಿಂದಲೇ ಶುರು ಮಾಡು. ರಾಜ ಕಲಾಕೌವನ ಸರ್ಕಾರ ಕೊಂಡ ಹಡಗಿನ ಹೆಸರು ಕೈಮಿಲೋವಾ. ಅದು 1871ರಲ್ಲಿ ಇಂಗ್ಲೆಂಡಿನ ಬ್ಲೈತ್‌ನಲ್ಲಿ ಕಟ್ಟಿದ 171 ಟನ್ನಿನ ವ್ಯಾಪಾರಿ ಹಡಗು, ಹಳೆಯ ಹೆಸರು ಎಕ್ಸ್‌ಪ್ಲೋರರ್. ಹಾಯಿ ಇತ್ತು, ಜತೆಗೆ ಆವಿ ಎಂಜಿನ್ನೂ ಇತ್ತು. 20,000 ಡಾಲರ್ ಕೊಟ್ಟು ಕೊಂಡು, ಬಾಯಿಂದ ಮದ್ದು ತುಂಬುವ, ಆರು ಪೌಂಡಿನ ಗುಂಡು ಹಾರಿಸುವ ನಾಲ್ಕು ಫಿರಂಗಿ, ಎರಡು ಗ್ಯಾಟ್ಲಿಂಗ್ ಬಂದೂಕು ಇಟ್ಟರು. ನಾವಿಕರಲ್ಲಿ ಬಾಲಾಪರಾಧಿಗಳ ಸುಧಾರಣಾ ಶಾಲೆಯ ಹುಡುಗರೂ ಇದ್ದರು. ಕ್ಯಾಪ್ಟನ್ ಜಾಕ್ಸನ್ ಅದೇ ಶಾಲೆಯ ಮುಖ್ಯಸ್ಥನಾಗಿದ್ದವನು. ಅಂದರೆ ನಿನ್ನ ಪಾತ್ರದ ಕೈಕೆಳಗಿರುವವರಲ್ಲಿ ಅರ್ಧ ಜನಕ್ಕೆ ಸಮುದ್ರವೇ ಹೊಸದು. ಇದನ್ನು ಪಾತ್ರದ ವಿವರ ಬರೆಯುವ ಕ್ಯಾರೆಕ್ಟರ್ ಶೀಟಿನಲ್ಲಿ ಮೊದಲ ಸಾಲಿಗೇ ಬರೆ. ಹಡಗಿನಲ್ಲಿ ನುರಿತವರು ಬೇಕೆಂದರೆ ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ದುಡಿದ ಹವಾಯಿಯ ಹಳೆಯ ನಾವಿಕರನ್ನು ಇಬ್ಬರು ಮೂವರನ್ನು ಸೇರಿಸು. ಅಂಥವರು ಆ ಕಾಲದಲ್ಲಿ ಬೇಕಾದಷ್ಟು ಮಂದಿ ಇದ್ದರು.

ಆ ಹಡಗು ಹೋದದ್ದು ದಕ್ಷಿಣ ಪೆಸಿಫಿಕ್‌ನ ಸಮೋವಾ ದ್ವೀಪಗಳಿಗೆ. 1887ರ ಫೆಬ್ರವರಿಯಲ್ಲಿ ಸಮೋವಾದ ರಾಜ ಮಲಿಯೆಟೋವಾ ಲೌಪೆಪ ಹವಾಯಿಯ ಜತೆ ಒಕ್ಕೂಟಕ್ಕೆ ಸಹಿ ಹಾಕಿದ್ದ. ಪೆಸಿಫಿಕ್‌ನ ದ್ವೀಪಗಳೆಲ್ಲ ಒಂದಾದರೆ ಯುರೋಪಿನವರು ಒಂದೊಂದಾಗಿ ನುಂಗಲಾರರು ಎಂಬುದು ಕಲಾಕೌವ ಮತ್ತು ಅವನ ಪ್ರಧಾನಿ ಗಿಬ್ಸನ್‌ನ ಲೆಕ್ಕ. ಜರ್ಮನರಿಗೆ ಸಮೋವಾದಲ್ಲಿ ತಮ್ಮವನೇ ರಾಜ ಬೇಕಿತ್ತು. ಕೈಮಿಲೋವಾ ಜೂನ್ 15ಕ್ಕೆ ಸಮೋವಾದ ಬಂದರು ಆಪಿಯಾ ಮುಟ್ಟಿತು. ಜೂನ್ ಕೊನೆಗೆ ಹವಾಯಿಯ ರಾಜಧಾನಿ ಹೊನೊಲುಲುವಿನಲ್ಲಿ ಗಿಬ್ಸನ್ ಸರ್ಕಾರ ಬಿತ್ತು, ಜುಲೈ 6ಕ್ಕೆ ವಿರೋಧಿಗಳು ಬಂದೂಕಿನ ಬೆದರಿಕೆಯಡಿ ರಾಜನಿಂದ ಹೊಸ ಸಂವಿಧಾನಕ್ಕೆ ಸಹಿ ಹಾಕಿಸಿದರು. ಹಡಗಿನವರಿಗೆ ಇದರ ಸುಳಿವೂ ಇಲ್ಲ. ಹವಾಯಿಗೆ ಸಮುದ್ರದಡಿಯ ಟೆಲಿಗ್ರಾಫ್ ತಂತಿ ಬಂದದ್ದು 1902ರ ಕೊನೆಯಲ್ಲಿ. ನಿನ್ನ ಪರ್ಯಾಯ ಇತಿಹಾಸದಲ್ಲಿ ಏನು ಬೇಕಾದರೂ ಬದಲಿಸು, ಆ ತಂತಿಯನ್ನು ಮಾತ್ರ ಎಳೆಯಬೇಡ. ಎಳೆದ ದಿನವೇ ಈ ಪಾತ್ರ ಸತ್ತಂತೆ. ಆಮೇಲೆ ಪ್ರತಿ ನಿರ್ಧಾರವೂ ಹೊನೊಲುಲುವಿನಿಂದ ಬರುತ್ತದೆ.

ಹಾಗಾದರೆ ಇತಿಹಾಸ ಎಲ್ಲಿ ಕವಲೊಡೆಯಬೇಕು? ಒಂದೇ ಕಡೆ ಸಾಕು, ಅದೂ ಚಿಕ್ಕದಾಗಿರಲಿ. 1880ರಿಂದ 1887ರವರೆಗೆ ಕಲಾಕೌವ ತನ್ನ ನಾಡಿನ 18 ಮಂದಿ ಯುವಜನರನ್ನು ಓದಲು ಹೊರದೇಶಗಳಿಗೆ ಕಳಿಸಿದ್ದ: ಇಟಲಿ, ಇಂಗ್ಲೆಂಡ್, ಸ್ಕಾಟ್ಲೆಂಡ್, ಅಮೆರಿಕ, ಜಪಾನ್, ಚೀನಾ. ರಾಬರ್ಟ್ ವಿಲ್ಕಾಕ್ಸ್ ಇಟಲಿಯ ಟೂರಿನ್‌ನ ಸೈನಿಕ ಅಕಾಡೆಮಿಯಲ್ಲಿದ್ದ. ರಾಬರ್ಟ್ ಬಾಯ್ಡ್ ಕಲಿತದ್ದು ಇಟಲಿಯದೇ ಲಿವೋರ್ನೊದ ನೌಕಾ ಅಕಾಡೆಮಿಯಲ್ಲಿ. ಅದು ಶುರುವಾದದ್ದೇ 1881ರಲ್ಲಿ. ಹವಾಯಿಯವನೊಬ್ಬ ಯುರೋಪಿನ ನೌಕಾ ಅಕಾಡೆಮಿಯಲ್ಲಿ ಓದುವುದು ನಿಜವಾಗಿ ನಡೆದ ಸಂಗತಿ, ನೀನು ಕಲ್ಪಿಸಬೇಕಾದ್ದೇ ಇಲ್ಲ. 1887ರಲ್ಲಿ ಹೊಸ ಸರ್ಕಾರ ದುಡ್ಡು ಉಳಿಸಲು ಈ ಯೋಜನೆ ನಿಲ್ಲಿಸಿತು. ನಿನ್ನ ಆಟದಲ್ಲಿ ಅಂಥ ಒಬ್ಬ ಹುಡುಗ ಒಂದು ವರ್ಷ ಮೊದಲೇ, 1886ರಲ್ಲೇ, ಊರಿಗೆ ಮರಳಲಿ. ಕೈಮಿಲೋವಾದ ನಾಯಕತ್ವ ಜಾಕ್ಸನ್‌ಗೆ ಸಿಗದೆ ಇವನಿಗೆ ಸಿಗಲಿ. ಅಷ್ಟೇ ಬದಲಾವಣೆ. ಮುಂದಿನದ್ದೆಲ್ಲ ಇದರಿಂದಲೇ ಹುಟ್ಟುತ್ತದೆ.

ಹೆಸರು: ಲೆಫ್ಟಿನೆಂಟ್ ಡೇವಿಡ್ ಕೆಅಲೋಹ. ಆ ಕಾಲಕ್ಕೆ ಕ್ರೈಸ್ತ ಹೆಸರಿನ ಜತೆ ಹವಾಯಿ ಹೆಸರು ಇರುವುದು ಸಹಜ. ನೀನೇ ಬೇರೆ ಹೆಸರು ಕಟ್ಟುವುದಾದರೆ ಆ ಭಾಷೆಯಲ್ಲಿರುವ ವ್ಯಂಜನಗಳು ಹ, ಕ, ಲ, ಮ, ನ, ಪ, ವ ಮತ್ತು ಗಂಟಲಲ್ಲಿ ತಡೆಯುವ ಒಂದು ಧ್ವನಿ. ಸ, ರ, ತ, ದ ಬರುವ ಹೆಸರು ಇಟ್ಟರೆ ಅದು ಬೇರೆ ದ್ವೀಪದವನದೆನಿಸುತ್ತದೆ. ಪದ ಯಾವಾಗಲೂ ಸ್ವರದಲ್ಲಿ ಮುಗಿಯಬೇಕು, ಒತ್ತಕ್ಷರ ಇರಕೂಡದು.

1863ರಲ್ಲಿ ಹುಟ್ಟಿದವನು ಅಂತಿಟ್ಟುಕೋ. ಲಿವೋರ್ನೊ ಸೇರುವಾಗ 18, ಹಡಗು ಹೊರಡುವಾಗ 24. ಭಾಷೆ ಮೂರು: ಹವಾಯಿ, ಇಂಗ್ಲಿಷ್, ಇಟಾಲಿಯನ್. ಜರ್ಮನ್ ಕೊಡಬೇಡ, ಆಪಿಯಾದಲ್ಲಿ ಅದು ಬರದಿದ್ದರೇ ಆಟಕ್ಕೆ ಕಳೆ. ಕೌಶಲಕ್ಕೆ ಹತ್ತು ಅಂಕ ಹಂಚುವುದಾದರೆ ನೌಕಾಯಾನಕ್ಕೆ ಮೂರು, ರಾಜತಾಂತ್ರಿಕ ಶಿಷ್ಟಾಚಾರಕ್ಕೆ ಮೂರು, ಫಿರಂಗಿಗೆ ಎರಡು, ಎಂಜಿನ್ನಿಗೆ ಒಂದು, ಜನರನ್ನು ಹಿಡಿದು ನಡೆಸುವುದಕ್ಕೆ ಒಂದೇ ಒಂದು. ಈ ಕೊನೆಯದು ಕಡಿಮೆ ಇರಲೇಬೇಕು. ಪುಸ್ತಕದಲ್ಲಿ ಕಲಿತು ಬಂದ ಹುಡುಗನಿಗೆ ಮೊದಲು ಕೈಕೊಡುವುದು ಅದೇ.

ನಕ್ಷತ್ರ ನೋಡಿ ದೋಣಿ ನಡೆಸುವ ಹಳೆಯ ವಿದ್ಯೆ ಇವನಿಗೆ ಹುಟ್ಟಿನಿಂದಲೇ ಬರುತ್ತದೆ ಅಂತ ಎಲ್ಲರೂ ಬರೆಯುತ್ತಾರೆ. ದಯವಿಟ್ಟು ಬೇಡ. ದೂರದ ದ್ವೀಪಗಳಿಗೆ ಉಪಕರಣವಿಲ್ಲದೆ ಹೋಗುವ ಆ ವಿದ್ಯೆ ಹವಾಯಿಯಲ್ಲಿ ಅಷ್ಟೊತ್ತಿಗೆ ಬಹುಪಾಲು ಅಳಿದಿತ್ತು. 1976ರಲ್ಲಿ ಹೋಕುಲೆಆ ದೋಣಿ ಟಹೀಟಿಗೆ ಹೊರಟಾಗ ದಾರಿ ತೋರಲು ಮೈಕ್ರೊನೇಷ್ಯಾದ ಮೌ ಪಿಯೈಲುಗ್‌ನನ್ನು ಕರೆಸಬೇಕಾಯಿತು. ಕೆಅಲೋಹ ಬಳಸುವುದು ಸೂರ್ಯ, ನಕ್ಷತ್ರಗಳ ಎತ್ತರ ಅಳೆಯುವ ಸೆಕ್ಸ್‌ಟಂಟ್ ಮತ್ತು ಹಡಗಿನ ನಿಖರ ಗಡಿಯಾರವಾದ ಕ್ರೊನೊಮೀಟರ್. ಹಡಗಿನಲ್ಲಿ ಒಂದೇ ಕ್ರೊನೊಮೀಟರ್ ಇರಲಿ. ಗಡಿಯಾರ ನಾಲ್ಕು ಸೆಕೆಂಡ್ ತಪ್ಪಿದರೆ ಭೂಮಧ್ಯರೇಖೆಯ ಹತ್ತಿರ ಲೆಕ್ಕ ಒಂದು ನಾಟಿಕಲ್ ಮೈಲಿ ತಪ್ಪುತ್ತದೆ, ಒಂದು ನಿಮಿಷ ತಪ್ಪಿದರೆ ಹದಿನೈದು. ಮೂರು ಗಡಿಯಾರ ಇದ್ದರೆ ಹಾದಿ ತಪ್ಪಿದ್ದು ಯಾವುದೆಂದು ಗೊತ್ತಾಗುತ್ತದೆ, ಒಂದೇ ಇದ್ದರೆ ಗೊತ್ತಾಗುವ ಬಗೆಯಿಲ್ಲ. ಪ್ರತಿ ಹತ್ತು ದಿನಕ್ಕೊಮ್ಮೆ ನೀನು ಗುಟ್ಟಾಗಿ ಆರು ಮುಖದ ದಾಳ ಹಾಕು. ಒಂದು ಬಿದ್ದರೆ ಹದಿನೈದು ಮೈಲಿ ಪೂರ್ವಕ್ಕೋ ಪಶ್ಚಿಮಕ್ಕೋ ತಪ್ಪು. ಆಟಗಾರನಿಗೆ ಹೇಳಬೇಡ. ಹವಳದ ದಿಬ್ಬ ಕಂಡಾಗ ತಾನೇ ತಿಳಿಯುತ್ತದೆ.

ಹೊನೊಲುಲುವಿನಿಂದ ಆಪಿಯಾಕ್ಕೆ ಸುಮಾರು 2,260 ನಾಟಿಕಲ್ ಮೈಲಿ. ಎಂಟು ನಾಟ್ (ಗಂಟೆಗೆ ಎಂಟು ನಾಟಿಕಲ್ ಮೈಲಿ) ವೇಗದಲ್ಲಿ ಬಿಡದೆ ಎಂಜಿನ್ ಓಡಿಸಿದರೆ ಹನ್ನೆರಡು ದಿನ. ಆದರೆ ಕೈಮಿಲೋವಾಕ್ಕೆ ಹಿಡಿದದ್ದು ನಾಲ್ಕು ವಾರದಷ್ಟು, ಏಕೆಂದರೆ ಅಂಥ ಹಡಗು ಬಹುತೇಕ ಹಾಯಿಯಲ್ಲೇ ಸಾಗಬೇಕು. ಹವಾಯಿಯಲ್ಲಿ ಕಲ್ಲಿದ್ದಲು ಸಿಗುವುದಿಲ್ಲ, ದ್ವೀಪಗಳೆಲ್ಲ ಜ್ವಾಲಾಮುಖಿಯಿಂದ ಎದ್ದವು. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಮುಂತಾದ ಕಡೆಯಿಂದ ಹಡಗಿನಲ್ಲಿ ತರಿಸಬೇಕು. ಆದ್ದರಿಂದ ಕಲ್ಲಿದ್ದಲನ್ನು ಟನ್ನಿನಲ್ಲಿ ಬರೆಯಬೇಡ, ‘ಎಂಜಿನ್ ದಿನ’ ಅಂತ ಬರೆ. ಹೊರಡುವಾಗ ಆರು ದಿನದ್ದಿರಲಿ. ಗಾಳಿ ಬಿದ್ದ ಭೂಮಧ್ಯರೇಖೆಯ ಪಟ್ಟಿ ದಾಟಲು ಎರಡು ಖರ್ಚು ಮಾಡುತ್ತಾನೋ, ಬಂದರಿನಲ್ಲಿ ಜರ್ಮನರ ಮುಂದೆ ಹೊಗೆಯುಗುಳುತ್ತ ಒಳಬರಲು ಉಳಿಸಿಕೊಳ್ಳುತ್ತಾನೋ, ಅವನೇ ನಿರ್ಧರಿಸಲಿ.

ಊಟಕ್ಕೆ ಪೊಯ್. ಕೆಸುವಿನ ಗೆಡ್ಡೆಯನ್ನು ಚೆನ್ನಾಗಿ ಬೇಯಿಸಿ ಕುಟ್ಟಿದ ಹಿಟ್ಟು ಅದು. ಬೇಯದಿದ್ದರೆ ಗಂಟಲು ಕೆರೆಯುತ್ತದೆಂದು ಮಲೆನಾಡಿನವನಾದ ನಿನಗೆ ಹೇಳಬೇಕಿಲ್ಲ. ನೀರು ಬೆರೆಸದೆ ಗಟ್ಟಿಯಾಗಿ ಕುಟ್ಟಿಟ್ಟದ್ದು ಪಯಣಕ್ಕೆ ಬಾಳಿಕೆ ಬರುತ್ತದೆ. ಬೇಕಾದಾಗ ನೀರು ಹಾಕಿ ಕಲಸುತ್ತಾರೆ, ಹುಳಿ ಬಂದರೂ ತಿನ್ನುತ್ತಾರೆ. ಜತೆಗೆ ಒಣಮೀನು.

ಈಗ ನನಗೆ ಬಹಳ ಇಷ್ಟವಾದ ಭಾಗ, ಧ್ವಜವಂದನೆ. ಕೆಅಲೋಹನ ನಿಜವಾದ ಕಾಳಗ ಅದು. 1843ರ ಫೆಬ್ರವರಿಯಲ್ಲಿ ಬ್ರಿಟಿಷ್ ಕ್ಯಾಪ್ಟನ್ ಪಾಲೆಟ್ ಹವಾಯಿಯನ್ನು ವಶಪಡಿಸಿಕೊಂಡಿದ್ದ. ಜುಲೈ 31ಕ್ಕೆ ಅಡ್ಮಿರಲ್ ಥಾಮಸ್ ಬಂದು ಹವಾಯಿಯ ಧ್ವಜವನ್ನು ಮತ್ತೆ ಏರಿಸಿದ. ಅದೇ ವರ್ಷದ ನವೆಂಬರ್ 28ಕ್ಕೆ ಬ್ರಿಟನ್ನು, ಫ್ರಾನ್ಸು ಸೇರಿ ಹವಾಯಿ ಸ್ವತಂತ್ರ ರಾಜ್ಯ ಎಂದು ಘೋಷಿಸಿದವು. ಈ ತಾರೀಖುಗಳು ಕೆಅಲೋಹನಿಗೆ ಬಾಯಿಪಾಠ ಇರಬೇಕು. ಬೇರೆ ದೇಶದ ಬಂದರಿನಲ್ಲಿ 21 ತೋಪು ಹಾರಿಸಿದರೆ ಅಲ್ಲಿಂದ ಅಷ್ಟೇ ತೋಪು ಮರಳಿ ಹಾರಬೇಕು. ಹಾರಿದರೆ ನಿನ್ನ ರಾಜ್ಯವನ್ನು ಒಪ್ಪಿದಂತೆ. ಹಾರದಿದ್ದರೆ, ಇಲ್ಲವೇ ಒಂದು ಕಡಿಮೆ ಹಾರಿದರೆ, ಅದು ಬೇಕೆಂದೇ ಮಾಡಿದ ಅವಮಾನ.

ನಾಲ್ಕು ಫಿರಂಗಿಯಲ್ಲಿ 21 ತೋಪು ಅಂದರೆ ಮೂರಕ್ಕೆ ಐದೈದು ಸಲ, ಒಂದಕ್ಕೆ ಆರು ಸಲ. ಎಂಟು ಸೆಕೆಂಡಿಗೊಂದು ಹಾರಬೇಕೆಂದರೆ ಪ್ರತಿ ಫಿರಂಗಿಗೆ ಮರಳಿ ತುಂಬಲು 32 ಸೆಕೆಂಡ್. ಅಷ್ಟರಲ್ಲಿ ಒಬ್ಬ ಬೆರಳಿಗೆ ತೊಗಲಿನ ಕವಚ ಹಾಕಿ ಕಿಡಿ ಕೊಡುವ ತೂತು ಮುಚ್ಚಿ ಹಿಡಿಯಬೇಕು. ಇನ್ನೊಬ್ಬ ಒದ್ದೆ ಕುಂಚದ ಕೋಲನ್ನು ನಳಿಗೆಯೊಳಗೆ ತುದಿಯವರೆಗೆ ತೂರಿಸಿ ತಿರುಗಿಸಿ ತೆಗೆಯಬೇಕು. ಮದ್ದಿನ ಚೀಲ ಇಟ್ಟು ದೂಡಿ, ತೂತಿನಿಂದ ಚುಚ್ಚಿ ಚೀಲ ಹರಿದು, ಕಿಡಿಯ ಕೊಳವೆ ಸಿಕ್ಕಿಸಿ, ಎಲ್ಲರೂ ಪಕ್ಕಕ್ಕೆ ಸರಿದ ಮೇಲೆ ದಾರ ಎಳೆಯಬೇಕು. ಅವಸರದಲ್ಲಿ ಕುಂಚ ಅರ್ಧಕ್ಕೇ ಹೋಗಿ ಬಂದರೆ ಒಳಗೆ ಉಳಿದ ಕೆಂಡ ಹೊಸ ಮದ್ದಿಗೆ ತಗಲುತ್ತದೆ, ದೂಡುತ್ತಿದ್ದವನ ಕೈ ಹೋಗುತ್ತದೆ. ತೂತು ಮುಚ್ಚಿದ ಬೆರಳು ಸಡಿಲವಾದರೂ ಅಷ್ಟೇ, ಗಾಳಿ ಎಳೆದು ಕೆಂಡ ಚುರುಕಾಗುತ್ತದೆ. ಆಟದಲ್ಲಿ ಪ್ರತಿ ಸುತ್ತಿಗೆ ಆಟಗಾರ ಒಂದನ್ನು ಆರಿಸಲಿ: ಎಂಟು ಸೆಕೆಂಡಿನ ತಾಳ, ಇಲ್ಲವೇ ಹನ್ನೆರಡರ ಸುರಕ್ಷೆ. ನಿಧಾನಿಸಿದರೆ ಬಂದರಿನಲ್ಲಿರುವ ಜರ್ಮನ್ ಅಧಿಕಾರಿಗಳು ನಗುತ್ತಾರೆ. ಅವಸರಿಸಿದರೆ ಫಿರಂಗಿ ಕೌಶಲದ ದಾಳ, ಸೋತರೆ ಹುಡುಗನೊಬ್ಬನಿಗೆ ಗಾಯ. ಕತ್ತಿಕಾಳಗದಷ್ಟೇ ಉಸಿರು ಬಿಗಿಹಿಡಿಸುವ ದೃಶ್ಯ ಇದು.

ಹಾರುಹಡಗಿನ ವಿಷಯ. ಅವು ದೊಡ್ಡ ದೇಶಗಳ ಕೈಯಲ್ಲಿರಲಿ. ಹವಾಯಿಗೆ ಒಂದು ಬೇಕೇ ಬೇಕೆಂದರೆ ಫ್ರೆಂಚರ ‘ಲಾ ಫ್ರಾನ್ಸ್’ ಮಾದರಿಯ ಸೆಕೆಂಡ್ ಹ್ಯಾಂಡ್ ಒಂದನ್ನು ಕೊಡು. ಅದು ಕಲ್ಪನೆಯದಲ್ಲ, 1884ರ ಆಗಸ್ಟ್ 9ರಂದು ವಿದ್ಯುತ್ ಮೋಟಾರಿನಿಂದ 23 ನಿಮಿಷದಲ್ಲಿ ಸುಮಾರು 8 ಕಿ.ಮೀ. ಹಾರಿ, ಹೊರಟ ಜಾಗಕ್ಕೇ ಮರಳಿತ್ತು. ಚೀಲದ ಗಾತ್ರ 1,864 ಘನ ಮೀಟರ್. ಬೆಚ್ಚನೆಯ ಹವೆಯಲ್ಲಿ ಒಂದು ಘನ ಮೀಟರ್ ಹೈಡ್ರೋಜನ್ ಸುಮಾರು 1.1 ಕಿಲೋ ಎತ್ತುತ್ತದೆ, ಅಂದರೆ ಚೀಲ, ಮೋಟಾರು, ಜನ ಎಲ್ಲ ಸೇರಿ ಎರಡು ಟನ್. ಹೈಡ್ರೋಜನ್ ಬರುವುದು ಕಬ್ಬಿಣದ ಚೂರಿಗೆ ಗಂಧಕಾಮ್ಲ ಸುರಿದಾಗ. ಘನ ಮೀಟರಿಗೆ ಎರಡೂಕಾಲು ಕಿಲೋ ಕಬ್ಬಿಣ, ನಾಲ್ಕು ಕಿಲೋ ಆಮ್ಲ. ಒಂದು ಸಲ ಚೀಲ ತುಂಬಲು ನಾಲ್ಕು ಟನ್ನಿಗೆ ಮೇಲೆ ಕಬ್ಬಿಣ, ಏಳೂವರೆ ಟನ್ ಆಮ್ಲ, ಪೋಲಾಗುವುದು ಬೇರೆ. ಎರಡನ್ನೂ ಹಡಗಿನಲ್ಲೇ ತರಿಸಬೇಕು. ಅದರ ವೇಗವೋ ಗಂಟೆಗೆ 20ರಿಂದ 24 ಕಿ.ಮೀ. ಹವಾಯಿಯ ಮೇಲೆ ಈಶಾನ್ಯದಿಂದ ಬೀಸುವ ವ್ಯಾಪಾರಿ ಮಾರುತವೂ ಬಹಳ ದಿನ ಅಷ್ಟೇ ಜೋರಾಗಿರುತ್ತದೆ. ಬೆಳಗಿನ ಜಾವ ಗಾಳಿ ತಗ್ಗಿದಾಗ ಹಾರಿ, ಗಾಳಿ ಮತ್ತೆ ಜೋರಾಗುವ ಮೊದಲು ಇಳಿಯಬೇಕು. ತಡವಾದರೆ ನೈರುತ್ಯದ ಖಾಲಿ ಸಮುದ್ರದ ಮೇಲೆ ತೇಲಿಹೋಗುತ್ತದೆ.

ವಿದ್ಯುತ್ತು ಮಾತ್ರ ಧಾರಾಳವಾಗಿ ಬಳಸು. ಕಲಾಕೌವ 1881ರ ವಿಶ್ವಯಾತ್ರೆಯಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್‌ನನ್ನು ಕಂಡು ಮಾತಾಡಿದ್ದ, 1887ರ ಹೊತ್ತಿಗೆ ಅವನ ಇಯೊಲಾನಿ ಅರಮನೆಯಲ್ಲಿ ವಿದ್ಯುದ್ದೀಪ ಉರಿಯುತ್ತಿತ್ತು. ಅದೇ ಯಾತ್ರೆಯಲ್ಲಿ ಅವನು ಕಲ್ಕತ್ತ, ಮುಂಬೈಗಳನ್ನೂ ಹಾದುಹೋದ. ನಿಮ್ಮ ಗುಂಪಿನಲ್ಲಿ ಯಾರಿಗಾದರೂ ಭಾರತದ ಪಾತ್ರ ಬೇಕಿದ್ದರೆ ಮುಂಬೈ ಬಂದರಿನ ಲಸ್ಕರ್ ನಾವಿಕನೊಬ್ಬನನ್ನು ಎಂಜಿನ್ ಕೋಣೆಗೆ ಹಾಕು, ಸರಿಯಾಗಿ ಕೂರುತ್ತದೆ. ಉಕುಲೆಲೆ ಇರಲಿ, ಆದರೆ ಹೊಸ ವಾದ್ಯವಾಗಿ. ಅದರ ಮೂಲರೂಪ ಮದೇರಾದ ಪೋರ್ಚುಗೀಸರ ಜತೆ ಹವಾಯಿಗೆ ಬಂದದ್ದೇ 1879ರಲ್ಲಿ. ಹೂವಿನ ಅಂಗಿ, ಅನಾನಸ್ ತೋಟಗಳೆಲ್ಲ ಮುಂದಿನ ಶತಮಾನದವು, ಅವನ್ನು ಬಿಡು. ಆಗ ದ್ವೀಪಗಳನ್ನು ಆಳುತ್ತಿದ್ದ ಬೆಳೆ ಕಬ್ಬು.

ಆಟ ಬಹಳ ದಿನ ನಡೆಯುವುದಾದರೆ 1889ರ ಮಾರ್ಚ್ 15-16ರ ಆಪಿಯಾದ ಚಂಡಮಾರುತವನ್ನು ಕಾದಿರಿಸು. ಜರ್ಮನರ ಮೂರು, ಅಮೆರಿಕದ ಮೂರು ಯುದ್ಧಹಡಗು ಒಡೆದೋ ದಡಕ್ಕೇರಿಯೋ ಹಾಳಾದವು. ಬ್ರಿಟಿಷರ ಯುದ್ಧಹಡಗು ಕ್ಯಾಲಿಯೋಪ್ ಮಾತ್ರ ಎಂಜಿನ್ ಬಲದಿಂದ ಗಾಳಿಗೆದುರಾಗಿ ಬಂದರಿನಿಂದ ಆಚೆ ಬಂತು. ಉಳಿಸಿಟ್ಟ ಎಂಜಿನ್ ದಿನಗಳು ಅವತ್ತು ಲೆಕ್ಕಕ್ಕೆ ಬರುತ್ತವೆ.

ಮೊದಲ ಆಟವನ್ನು 1887ರ ಜೂನ್ 15ಕ್ಕೆ, ಆಪಿಯಾ ಬಂದರಿನ ಬಾಯಲ್ಲಿ ಶುರು ಮಾಡು, ಧ್ವಜವಂದನೆಯಿಂದ. ಮೂರನೆಯ ಆಟದ ಹೊತ್ತಿಗೆ ಟಪಾಲು ಬರಲಿ. ಒಂದು ಲಕೋಟೆಯನ್ನು ಈಗಲೇ ಬರೆದು ಅಂಟಿಸಿಡು: ‘ಸಮೋವಾದ ಕೆಲಸ ನಿಲ್ಲಿಸಿ ಕೂಡಲೇ ಮರಳುವುದು.’ ಕೆಳಗಿನ ಸಹಿ ಕೆಅಲೋಹ ಕೇಳಿಯೇ ಇರದ ಹೊಸ ಮಂತ್ರಿಯದು, ರಾಜನದಲ್ಲ. ಅದನ್ನು ಕೆಅಲೋಹನ ಆಟಗಾರನ ಕೈಗೆ ಮಾತ್ರ ಕೊಡು. ಮಿಕ್ಕವರಿಗೆ ಓದಿ ಹೇಳುವುದು ಬಿಡುವುದು ಅವನಿಗೆ ಬಿಟ್ಟದ್ದು.

ಇಂತಿ ನಿನ್ನ,
ಗೆಳೆಯ