ವಿದೇಶ ಪ್ರಯಾಣ ತಡೆ: ಬ್ಯಾಂಕಿನ ಕೋರಿಕೆಯೊಂದೇ ಸಾಲದು

ಮಾನ್ಯ ಸಂಪಾದಕರೇ,

ಆರ್ಥಿಕ ಅಪರಾಧದ ಆರೋಪ ಹೊತ್ತವರು ದೇಶ ಬಿಟ್ಟು ಹೋಗದಂತೆ ಹೊರಡಿಸುವ ಲುಕ್‌ಔಟ್ ನೋಟಿಸ್‌ಗಳನ್ನು ಪ್ರಶ್ನಿಸಿ ಹಲವು ಹೈಕೋರ್ಟ್‌ಗಳಲ್ಲಿ ರಿಟ್ ಅರ್ಜಿಗಳು ದಾಖಲಾಗಿವೆ. ಇದು ಕೋಟ್ಯಧಿಪತಿಗಳ ವ್ಯಾಜ್ಯ, ನಮಗೇನು ಸಂಬಂಧ ಎಂಬ ಮಾತನ್ನು ಕಲಬುರಗಿಯ ನ್ಯಾಯಾಲಯದ ಆವರಣದಲ್ಲೂ ಕೇಳಿದ್ದೇನೆ. ವಕೀಲನಾಗಿ ನಾನು ಈ ಮಾತನ್ನು ಒಪ್ಪಲಾರೆ.

ನನ್ನ ಕಕ್ಷಿದಾರರೊಬ್ಬರು ಬೀದರ್ ಜಿಲ್ಲೆಯವರು. ಭಾವಮೈದುನನ ಬೇಳೆ ಮಿಲ್ಲಿಗೆ ಬ್ಯಾಂಕೊಂದು ಕೊಟ್ಟ ಸಾಲಕ್ಕೆ ಜಾಮೀನು ನಿಂತಿದ್ದರು. ಮಿಲ್ಲು ನಿಂತುಹೋಗಿ ಸಾಲ ಸುಸ್ತಿಯಾಯಿತೇ ಹೊರತು ಇವರ ಮೇಲೆ ಎಫ್‌ಐಆರ್ ಆಗಲೀ ಸಮನ್ಸ್ ಆಗಲೀ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ಪತ್ನಿಯೊಂದಿಗೆ ಮೆಕ್ಕಾದ ಉಮ್ರಾ ಯಾತ್ರೆಗೆಂದು ಹೈದರಾಬಾದ್ ವಿಮಾನ ನಿಲ್ದಾಣಕ್ಕೆ ಹೋಗಿ, ಯಾತ್ರಿಕರ ಉಡುಪಾದ ಇಹ್ರಾಮ್ ಧರಿಸಿ ಇಮಿಗ್ರೇಷನ್ ಕೌಂಟರ್ ಮುಂದೆ ನಿಂತಾಗ ಅಧಿಕಾರಿ ಪಾಸ್‌ಪೋರ್ಟನ್ನು ಎತ್ತಿಟ್ಟುಕೊಂಡು ಅವರನ್ನು ಪಕ್ಕದ ಕೋಣೆಗೆ ಕಳುಹಿಸಿದರು. ವಿಮಾನದಿಂದ ಅವರ ಪೆಟ್ಟಿಗೆಗಳನ್ನು ಇಳಿಸಲಾಯಿತು; ಪಾಸ್‌ಪೋರ್ಟಿನಲ್ಲಿದ್ದ ನಿರ್ಗಮನ ಮೊಹರಿನ ಮೇಲೆ ‘ರದ್ದು’ ಎಂಬ ಇನ್ನೊಂದು ಮೊಹರು ಬಿತ್ತು. ಕಾರಣ ತಿಳಿಸುವ ಒಂದು ತುಂಡು ಕಾಗದವೂ ಅವರ ಕೈಗೆ ಬರಲಿಲ್ಲ. ಬ್ಯಾಂಕಿಗೆ ಹೋಗಿ ಕೇಳಿ ಎಂದರು ಅಲ್ಲಿಯವರು. ಅದು ಮುಖ್ಯ ಕಚೇರಿಯ ವಿಚಾರ ಎಂದರು ಬ್ಯಾಂಕಿನವರು. ಸಾಲದ ಬಾಧ್ಯತೆಯನ್ನು ನನ್ನ ಕಕ್ಷಿದಾರರು ಎಂದೂ ಅಲ್ಲಗಳೆದವರಲ್ಲ. ಊರಿಗೆ ಮರಳಿದ ಮೇಲೆ ನೆಂಟರಿಷ್ಟರ ಮುಂದೆ ಕಳ್ಳನಂತೆ ತಲೆ ತಗ್ಗಿಸಿ ಓಡಾಡುವಂತಾಯಿತು.

ಕೇಂದ್ರ ಗೃಹ ಸಚಿವಾಲಯದ 2010ರ ಜ್ಞಾಪನದ ಪ್ರಕಾರ ಈ ನೋಟಿಸ್ ಮುಖ್ಯವಾಗಿ ಸಂಜ್ಞೇಯ (ವಾರಂಟ್ ಇಲ್ಲದೆಯೇ ಪೊಲೀಸರು ಬಂಧಿಸಬಹುದಾದ) ಅಪರಾಧದಲ್ಲಿ ಬಂಧನ ತಪ್ಪಿಸಿಕೊಂಡು ತಿರುಗುವವರಿಗೆ ಸಂಬಂಧಿಸಿದ್ದು, ನವೀಕರಿಸದಿದ್ದರೆ ಒಂದು ವರ್ಷಕ್ಕೆ ತಾನಾಗಿ ರದ್ದಾಗುತ್ತಿತ್ತು. 2016ರ ಮಾರ್ಚ್‌ನಲ್ಲಿ ವಿಜಯ್ ಮಲ್ಯ, 2018ರ ಜನವರಿಯಲ್ಲಿ ನೀರವ್ ಮೋದಿ ದೇಶ ಬಿಟ್ಟ ಬಳಿಕ ‘ದೇಶದ ಆರ್ಥಿಕ ಹಿತಾಸಕ್ತಿ’ ಎಂಬ ಕಾರಣ ಮುಂದಿಟ್ಟು ಸಾರ್ವಜನಿಕ ವಲಯದ ಬ್ಯಾಂಕುಗಳ ಮುಖ್ಯಸ್ಥರಿಗೂ ನೋಟಿಸ್ ಕೋರುವ ಅಧಿಕಾರ ಕೊಡಲಾಯಿತು. 2021ರ ಮಾರ್ಗಸೂಚಿಯಂತೂ, ಕೋರಿದವರೇ ಹಿಂಪಡೆಯುವವರೆಗೆ ನೋಟಿಸ್ ಜಾರಿಯಲ್ಲಿರುತ್ತದೆ ಎಂದಿತು. ಆದರೆ ಮಲ್ಯ ಪ್ರಕರಣದಲ್ಲಿ ಕೊರತೆಯಾಗಿದ್ದು ಅಧಿಕಾರವಲ್ಲ. 2015ರ ಅಕ್ಟೋಬರ್‌ನಲ್ಲೇ ಸಿಬಿಐ ಅವರನ್ನು ತಡೆಯುವಂತೆ ನೋಟಿಸ್ ಹೊರಡಿಸಿತ್ತು. ಮರುತಿಂಗಳೇ ಅದನ್ನು, ಪ್ರಯಾಣದ ಮಾಹಿತಿ ಕೊಟ್ಟರೆ ಸಾಕು ಎಂದು ಸಡಿಲಿಸಿತು. ಆ ಲೋಪಕ್ಕೆ ಜಾಮೀನುದಾರರು ಬೆಲೆ ತೆರಬೇಕಾಗಿ ಬಂದದ್ದು ನನಗೆ ತೀರಾ ಅನ್ಯಾಯವಾಗಿ ಕಾಣುತ್ತದೆ.

2024ರ ಏಪ್ರಿಲ್ 23ರಂದು ಬಾಂಬೆ ಹೈಕೋರ್ಟ್ ಬ್ಯಾಂಕುಗಳಿಗಿದ್ದ ಈ ಅಧಿಕಾರವನ್ನು ರದ್ದುಪಡಿಸಿ, ಶಾಸನದ ಬೆಂಬಲವಿಲ್ಲದ ಕಾರ್ಯಾಂಗದ ಸೂಚನೆಯೊಂದರಿಂದ ಮೂಲಭೂತ ಹಕ್ಕನ್ನು ಕಿತ್ತುಕೊಳ್ಳಲಾಗದು ಎಂದಿತು. ಸಾಲ ಕೊಟ್ಟ ಬ್ಯಾಂಕೇ ಫಿರ್ಯಾದಿಯೂ ತೀರ್ಪುಗಾರನೂ ಆಗುವುದನ್ನೂ, ಖಾಸಗಿ ಬ್ಯಾಂಕಿನ ಸಾಲಗಾರನಿಗಿಲ್ಲದ ನಿರ್ಬಂಧ ಸರ್ಕಾರಿ ಬ್ಯಾಂಕಿನ ಸಾಲಗಾರನಿಗೆ ಮಾತ್ರ ಇರುವುದನ್ನೂ ಅದು ಒಪ್ಪಲಿಲ್ಲ. ವಿದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿ ಅಡಕವಾಗಿದೆ, ಅದನ್ನು ಮೊಟಕುಗೊಳಿಸುವ ಕ್ರಮ ನ್ಯಾಯಯುತವಾಗಿರಬೇಕು ಎಂದು ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಪಾಸ್‌ಪೋರ್ಟ್ ವಶಪಡಿಸಿಕೊಳ್ಳಬೇಕಾದರೂ ಅಧಿಕಾರಿ ಕಾರಣಗಳನ್ನು ಬರೆದಿಡಬೇಕು, ಮೇಲ್ಮನವಿಗೂ ಅವಕಾಶವಿದೆ. ಪಾಸ್‌ಪೋರ್ಟನ್ನು ಮುಟ್ಟದೆಯೇ ಅದನ್ನು ನಿರರ್ಥಕಗೊಳಿಸುವ ನೋಟಿಸಿಗೆ ಇಷ್ಟು ಕಟ್ಟುಪಾಡಾದರೂ ಬೇಡವೇ?

ಠೇವಣಿದಾರರ ಸಂಕಟವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 2019ರ ಜೂನ್‌ನಲ್ಲಿ ಬೆಂಗಳೂರಿನ ಹೂಡಿಕೆ ಸಂಸ್ಥೆ ಐಎಂಎ ವಿರುದ್ಧ ದೂರುಗಳು ಠಾಣೆಗೆ ಹರಿದುಬರುವ ಹೊತ್ತಿಗೆ ಅದರ ಸ್ಥಾಪಕ ಮನ್ಸೂರ್ ಖಾನ್ ದುಬೈ ಸೇರಿದ್ದರು. ಅಂಥ ವಂಚನೆಯಲ್ಲಿ ಎಫ್‌ಐಆರ್ ದಾಖಲಾದ ದಿನವೇ ತನಿಖಾ ಸಂಸ್ಥೆ ನೋಟಿಸ್ ಹೊರಡಿಸಲಿ. ಯಾರ ತಕರಾರೂ ಇಲ್ಲ. ನೂರು ಕೋಟಿ ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಪ್ರಕರಣಗಳಲ್ಲಿ ಪರಾರಿಯಾದವರ ಆಸ್ತಿ ಮುಟ್ಟುಗೋಲಿಗೆ 2018ರ ಪ್ರತ್ಯೇಕ ಕಾಯ್ದೆಯೂ ಇದೆ. ಸಾಲ ವಸೂಲಿಗೆ ಬ್ಯಾಂಕುಗಳ ಕೈಯಲ್ಲಿ ಅಡವಿಟ್ಟ ಆಸ್ತಿಯನ್ನು ವಶಪಡಿಸಿಕೊಂಡು ಮಾರಲು ಅವಕಾಶ ಕೊಡುವ ಸರ್ಫೇಸಿ ಕಾಯ್ದೆ ಇದೆ, ಸಾಲ ವಸೂಲಾತಿ ನ್ಯಾಯಮಂಡಳಿ ಇದೆ. ವಿಮಾನ ನಿಲ್ದಾಣದ ಕೌಂಟರ್ ವಸೂಲಿಯ ಜಾಗವಲ್ಲ.

ಆದುದರಿಂದ ಸಂಸತ್ತು ಈ ಕುರಿತು ಸ್ಪಷ್ಟ ಶಾಸನ ಮಾಡಬೇಕು. ಕ್ರಿಮಿನಲ್ ಪ್ರಕರಣವಾಗಲೀ ನ್ಯಾಯಾಲಯದ ಆದೇಶವಾಗಲೀ ಇಲ್ಲದೆ ಯಾರನ್ನೂ ತಡೆಯಬಾರದು. ತಡೆದಾಗ, ಯಾರ ಕೋರಿಕೆಯ ಮೇಲೆ, ಯಾವ ಕಾರಣಕ್ಕೆ ಎಂಬುದನ್ನು ಅಲ್ಲಿಯೇ ಬರಹದಲ್ಲಿ ಕೊಡಬೇಕು. ಹಜ್, ಚಿಕಿತ್ಸೆ, ಕೊಲ್ಲಿ ರಾಷ್ಟ್ರಗಳ ನೌಕರಿಯಂಥ ಸಂದರ್ಭಗಳಲ್ಲಿ ಭದ್ರತಾ ಠೇವಣಿ, ಪ್ರಯಾಣದ ವಿವರ ಹಾಗೂ ಮರಳಿ ಬರುವ ಮುಚ್ಚಳಿಕೆ ಪಡೆದು ನ್ಯಾಯಾಲಯಗಳು ಅನುಮತಿ ಕೊಡುವ ರೂಢಿ ಈಗಾಗಲೇ ಇದ್ದು, ಅದಕ್ಕೂ ಕಾಯ್ದೆಯಲ್ಲಿ ಕಾಲಮಿತಿ ಇರಬೇಕು. ಬೀದರ್, ಯಾದಗಿರಿಯವರು ರಿಟ್ ಅರ್ಜಿಗಾಗಿ ಬೆಂಗಳೂರಿಗೆ ಅಲೆಯದಂತೆ ಕಲಬುರಗಿಯಲ್ಲಿ ಹೈಕೋರ್ಟ್ ಪೀಠವಿರುವುದು ನಮ್ಮ ಭಾಗಕ್ಕೆ ದೊಡ್ಡ ಆಸರೆ. ಆದರೆ ಯಾತ್ರೆಯ ಟಿಕೆಟ್ ಹಣ ಕಳೆದುಕೊಂಡ ಮೇಲೆ ಪೀಠದ ಮೆಟ್ಟಿಲು ಹತ್ತುವ ಸ್ಥಿತಿ ತಪ್ಪಬೇಕಾದರೆ, ಕಲ್ಯಾಣ ಕರ್ನಾಟಕದ ಸಂಸದರು ಮುಂದಿನ ಅಧಿವೇಶನದಲ್ಲೇ ಈ ಪ್ರಶ್ನೆಯನ್ನು ಎತ್ತಬೇಕೆಂದು ಕೋರುತ್ತೇನೆ.

– ಒಬ್ಬ ವಕೀಲ, ಕಲಬುರಗಿ